ಯಂತ್ರ ನಿಮ್ಮದಾದರೆ ಬೀಗದ ಕೈಯೂ ನಿಮ್ಮದಿರಲಿ!

(ಬಳ್ಳಾರಿ ಜಿಲ್ಲೆ ಕಂಪ್ಲಿ ತಾಲೂಕಿನ ಮೆಟ್ರಿಯಲ್ಲಿ, ಹಬ್ಬಕ್ಕೆ ಊರಿಗೆ ಬಂದಿದ್ದ ಯುವಜನರ ಮುಂದೆ ಆಡಿದ ಮಾತುಗಳು)

ಕನ್ನಡದ ತರುಣ ತರುಣಿಯರೇ,

ಬೆಳಿಗ್ಗೆ ಹೊಸಪೇಟೆಯಲ್ಲಿ ರೈಲಿಳಿದು ಬಂದವರು ನೀವು. ಬಹುಪಾಲು ಜನರ ಹೆಗಲ ಚೀಲದಲ್ಲಿ ಲ್ಯಾಪ್‌ಟಾಪ್ ಇದೆ. ಅದಕ್ಕೆ ದುಡ್ಡು ಕೊಟ್ಟವರು ನೀವು. ಆದರೆ ಅದರ ಒಡೆಯರು ನೀವೇ? ಇದನ್ನು ಕೇಳುವ ಹಕ್ಕು ನನಗಿದೆ. ದುಡ್ಡು ಕೊಟ್ಟೂ ಒಡೆಯನಾಗದೆ ಹೋದವನು ನಾನು.

ಬೆಂಗಳೂರಿನ ಅಂಗಡಿಯೊಂದರಲ್ಲಿ, ಕಂಪನಿಯವರು ಬಳಸಿ ಬಿಟ್ಟ ಲ್ಯಾಪ್‌ಟಾಪ್ ಕೊಂಡೆ. ಬಿಲ್ ಕೇಳಲಿಲ್ಲ. ಕೆಲ ತಿಂಗಳು ಚೆನ್ನಾಗಿಯೇ ನಡೆಯಿತು. ಊರಿಗೆ ಬಂದಿದ್ದಾಗ, ಕೆಲಸದ ಸಂದರ್ಶನದ ಹಿಂದಿನ ರಾತ್ರಿ, ನಿಧಾನವಾಗಿದೆಯೆಂದು ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದೆ. ಇಂಟರ್‌ನೆಟ್ ಸಿಕ್ಕಿದ್ದೇ ತಡ, ತೆರೆಯ ಮೇಲೆ ಯಾವುದೋ ಕಂಪನಿಯ ಹೆಸರು! ಅದರ ನೌಕರನ ಪಾಸ್‌ವರ್ಡ್ ಕೊಡು ಎಂದು ಕೂತಿತು. ಬೆಳಗಾಯಿತು. ಸಂದರ್ಶನವೂ ಹೋಯಿತು, ಕೆಲಸವೂ ಹೋಯಿತು.

ಆಮೇಲೆ ತಿಳಿಯಿತು: ಕಂಪನಿಗಳು ತಮ್ಮ ಯಂತ್ರಗಳ ಗುರುತನ್ನು ಮೈಕ್ರೋಸಾಫ್ಟ್‌ನಲ್ಲಿ ನೋಂದಾಯಿಸಿರುತ್ತವೆ. ಡಿಸ್ಕ್ ಅಳಿಸಿದರೂ ಆ ನೋಂದಣಿ ಅಳಿಯದು. ಕಂಪನಿಯವರಿಂದಲೇ ತೆಗೆಸಬೇಕು. ಬಿಲ್ಲೇ ಇಲ್ಲದವನು ಯಾರ ಬಾಗಿಲು ತಟ್ಟಬೇಕು?

ಹಾಗೆಂದು ಹಳೆಯ ಕಂಪನಿ ಲ್ಯಾಪ್‌ಟಾಪ್ ಕೊಳ್ಳಬೇಡಿ ಎನ್ನುವುದಿಲ್ಲ. ಐಬಿಎಂ 1992ರಲ್ಲಿ ತಂದ, 2005ರಲ್ಲಿ ಲೆನೋವೊ ಕೈಸೇರಿದ ಥಿಂಕ್‌ಪ್ಯಾಡ್ ಇರಲಿ, ಡೆಲ್‌ನ ಲ್ಯಾಟಿಟ್ಯೂಡ್ ಇರಲಿ, ಎಚ್‌ಪಿಯ ಎಲೈಟ್‌ಬುಕ್ ಇರಲಿ, ಇವು ಗಟ್ಟಿ ಯಂತ್ರಗಳು. ಯಾವ ತಿರುಪು ಎಲ್ಲಿದೆ ಎಂದು ತೋರಿಸುವ ರಿಪೇರಿ ಕೈಪಿಡಿಯನ್ನು ತಯಾರಕರೇ ಪುಕ್ಕಟೆ ಕೊಡುತ್ತಾರೆ. ಎಷ್ಟು ಜನ ಓದಿದ್ದೀರಿ?

ಹಣ ಎಣಿಸುವ ಮುಂಚೆ ನಾಲ್ಕು ಕೆಲಸ ಮಾಡಿ. ಯಂತ್ರ ಶುರುವಾಗುವಾಗ ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10 ಒತ್ತಿ. ಬಯೋಸ್ ಪಾಸ್‌ವರ್ಡ್ ಕೇಳಿದರೆ ಅಲ್ಲೇ ಬಿಟ್ಟು ಬನ್ನಿ. ನಿಮ್ಮೆದುರೇ ವಿಂಡೋಸ್ ಹೊಸದಾಗಿ ಹಾಕಿಸಿ, ನೆಟ್‌ಗೆ ಜೋಡಿಸಿ ನೋಡಿ. ಬ್ಯಾಟರಿ ಹೊಸತಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗೆಷ್ಟು ಹಿಡಿಯುತ್ತದೆ ಎಂಬ ವರದಿಯನ್ನು ವಿಂಡೋಸೇ ಕೊಡುತ್ತದೆ, ಕೇಳಿ ನೋಡಿ. ಸೀರಿಯಲ್ ನಂಬರ್ ಬರೆದ ಬಿಲ್ ಪಡೆಯಿರಿ. ಇನ್ನೊಂದು ಮಾತು: ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಳೆಯ ಪ್ರೊಸೆಸರ್‌ಗಳಲ್ಲಿ ಹೆಚ್ಚಿನವನ್ನು ವಿಂಡೋಸ್ 11 ಒಪ್ಪುವುದಿಲ್ಲ. ಅಂಥ ಯಂತ್ರಕ್ಕೆ ಲಿನಕ್ಸ್ ಇದೆ.

ಇನ್ನು ಯಂತ್ರ ಕೆಟ್ಟರೆ? ನಮ್ಮ ರೈತರನ್ನು ನೋಡಿ. ಪಂಪ್‌ಸೆಟ್ ನಿಂತರೆ ತಲೆಯ ಮೇಲೆ ಕೈಹೊತ್ತು ಕೂರುತ್ತಾರೆಯೇ? ಮೊದಲು ಕರೆಂಟ್, ಆಮೇಲೆ ಫ್ಯೂಸ್, ಆಮೇಲೆ ಸ್ಟಾರ್ಟರ್, ಕೊನೆಗೆ ಮೋಟಾರ್! ಇಲ್ಲೂ ಅದೇ ಕ್ರಮ. ಯಂತ್ರ ಸತ್ತಂತಿದ್ದರೆ ಚಾರ್ಜರ್ ಬೇರೆಯದು ಹಾಕಿ ನೋಡಿ. ಆಗದಿದ್ದರೆ ಚಾರ್ಜರ್ ಕಿತ್ತು, ಬ್ಯಾಟರಿ ಬಿಡಿಸಿ, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಚಾರ್ಜರ್ ಒಂದನ್ನೇ ಸಿಕ್ಕಿಸಿ. ಬೀಪ್ ಸದ್ದು ಬಂದರೆ, ದೀಪ ಮಿಣುಕಿದರೆ ಎಣಿಸಿ. ಅದೇ ರೋಗದ ಹೆಸರು, ಅರ್ಥ ಕೈಪಿಡಿಯಲ್ಲಿದೆ. ಮೆಮೊರಿ ಬಿಡಿಸಿ ಮತ್ತೆ ಕೂರಿಸಿದರೇ ಎಷ್ಟೋ ಯಂತ್ರಗಳು ಎದ್ದಿವೆ. ಫ್ಯಾನ್ ಗರ್ ಎಂದು ಅರಚಿ ತಟ್ಟನೆ ಆಫ್ ಆಗುತ್ತಿದೆಯೇ? ನಮ್ಮ ಬಿಸಿಲು, ಸಂಡೂರು ಕಡೆಯ ಕೆಂಧೂಳು! ರೆಕ್ಕೆ ತಿರುಗದಂತೆ ಹಿಡಿದು ಬ್ರಷ್‌ನಿಂದ ಒರೆಸಿ. ಆದರೆ ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಬೆಂಕಿ ಹತ್ತೀತು. ಬಳಸುವುದನ್ನು ನಿಲ್ಲಿಸಿ, ಬಲ್ಲವರಿಂದ ತೆಗೆಸಿ.

ಯಂತ್ರ ಎದ್ದಿತು. ಇನ್ನು ಅದರ ನುಡಿ. ಹಳೆಯ ನುಡಿ ಕಡತ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಂಡರೆ ವೈರಸ್ ಎಂದು ಅಳಿಸಬೇಡಿ! ಅದು ಕನ್ನಡವೇ. ಆ ಹಳೆಯ ಫಾಂಟ್ ಯಂತ್ರದಲ್ಲಿಲ್ಲ, ಅಷ್ಟೆ. ಫಾಂಟ್ ಹಾಕಿ, ಇಲ್ಲವೇ ಯೂನಿಕೋಡ್‌ಗೆ ಪರಿವರ್ತಿಸಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೂ ಜಾಗವಿದೆ. ವಿಂಡೋಸ್‌ನಲ್ಲಿ ಕನ್ನಡ ಕೀಲಿಮಣೆ ಒಳಗೇ ಇದೆ. ಕೊಳ್ಳಬೇಕಿಲ್ಲ, ಸೆಟ್ಟಿಂಗ್‌ಗೆ ಹೋಗಿ ಸೇರಿಸಿಕೊಳ್ಳಬೇಕು. ಎದುರಿಗಿದ್ದರೂ ಬಳಸದಿದ್ದರೆ ತಪ್ಪು ಯಾರದು?

ಗೆಳೆಯರೇ, ರಜೆ ಮುಗಿಸಿ ಹೊರಡುವ ಮುಂಚೆ ನಿಮ್ಮ ಕಡತಗಳನ್ನು ಇನ್ನೊಂದು ಡಿಸ್ಕ್‌ಗೆ ನಕಲು ಮಾಡಿ. ಊರಿನ ಒಬ್ಬ ತಮ್ಮನನ್ನೋ ತಂಗಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಕನ್ನಡದಲ್ಲೇ ವಿವರಿಸುತ್ತ ಯಂತ್ರ ಬಿಚ್ಚಿ ತೋರಿಸಿ. ಆ ರಾತ್ರಿ ನನ್ನ ಪಕ್ಕದಲ್ಲಿ ಬಲ್ಲವರು ಯಾರೂ ಇರಲಿಲ್ಲ. ಅವರಿಗೆ ನೀವಿರಿ.