ಹೆಸರುಗಳ ಸಂಧಿಕಾರ್ಯ

(ಬಾನುಲಿ ಭಾಷಣ)

ಎರಡು ಪದಗಳು ಒಂದರ ಪಕ್ಕದಲ್ಲಿ ಒಂದು ಬಂದು ನಿಂತಾಗ ಅವುಗಳ ನಡುವೆ ಏನು ನಡೆಯುತ್ತದೆ ಎಂಬ ವಿಚಾರವನ್ನು ನಮ್ಮ ವ್ಯಾಕರಣಕಾರರು ಬಹು ಹಿಂದೆಯೇ ಮಾಡಿದ್ದಾರೆ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಮೊದಲಿಗೆ ಬರುವುದೇ ಸಂಧಿಪ್ರಕರಣ. ‘ಊರು’ ಎಂಬುದಕ್ಕೆ ‘ಅಲ್ಲಿ’ ಸೇರಿದರೆ ‘ಊರಲ್ಲಿ’ ಎಂದಾಗುತ್ತದೆ. ನಡುವಿನ ಉಕಾರ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಇದು ಲೋಪ. ‘ಮನೆ’ಗೆ ‘ಅನ್ನು’ ಸೇರಿದರೆ ಎರಡರಲ್ಲಿಯೂ ಇಲ್ಲದಿದ್ದ ಯಕಾರವೊಂದು ಹೊಸದಾಗಿ ಬಂದು ‘ಮನೆಯನ್ನು’ ಎಂದಾಗುತ್ತದೆ. ಇದು ಆಗಮ. ‘ಮಳೆ’ಗೆ ‘ಕಾಲ’ ಸೇರಿದರೆ ಕಕಾರದ ಸ್ಥಾನದಲ್ಲಿ ಗಕಾರ ಕುಳಿತು ‘ಮಳೆಗಾಲ’ ಎಂದಾಗುತ್ತದೆ. ಇದು ಆದೇಶ. ಇಷ್ಟನ್ನು ಪ್ರೌಢಶಾಲೆಯ ಮಕ್ಕಳೂ ಬಲ್ಲರು. ಆದರೆ ಲೋಪದ ನಿಯಮಕ್ಕೆ ಒಂದು ಷರತ್ತು ಅಂಟಿಕೊಂಡಿದೆ. ಅರ್ಥ ಕೆಡದಂತಿದ್ದರೆ ಮಾತ್ರ ಲೋಪ. ಕೆಡುವಂತಿದ್ದರೆ ಅದು ಸಲ್ಲದು. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಬರೆಯಲು ಮರೆಯುವುದು ಈ ಷರತ್ತನ್ನೇ.

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಾಲೇಜಿನಲ್ಲಿ ಈ ಪಾಠವನ್ನು ಹೇಳಿದ ನನಗೆ, ವಿಮಾನಯಾನ ಸಂಸ್ಥೆಗಳ ವಿಲೀನದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗಲೆಲ್ಲ ಆ ಷರತ್ತು ನೆನಪಾಗುತ್ತದೆ. ಷೇರುಗಳ ಲೆಕ್ಕಾಚಾರ ನನ್ನ ವಿದ್ಯೆಯಲ್ಲ. ಆದರೆ ಎರಡು ಸಂಸ್ಥೆಗಳು ಕೂಡುವುದೆಂದರೆ ಎರಡು ಹೆಸರುಗಳು ಕೂಡುವುದು ತಾನೆ? ಯಾವುದು ಉಳಿಯಿತು, ಯಾವುದು ಬಿಟ್ಟುಹೋಯಿತು, ಅದರಿಂದ ಅರ್ಥ ಕೆಟ್ಟಿತೆ ಇಲ್ಲವೆ ಎಂದು ಕೇಳುವ ಅಧಿಕಾರ ಭಾಷೆಯ ಅಧ್ಯಾಪಕನಿಗೂ ಉಂಟು, ಪ್ರಯಾಣಿಕನಿಗೂ ಉಂಟು.

ನಮ್ಮ ದೇಶದ ವಿಮಾನಯಾನದ ಇತಿಹಾಸವೇ ಇಂಥ ಸಂಧಿಗಳ ಸರಮಾಲೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಟ್ಟದೊಂದು ವಿಮಾನದಲ್ಲಿ ಅಂಚೆಯ ಚೀಲಗಳನ್ನು ಹೇರಿಕೊಂಡು ಕರಾಚಿಯಿಂದ ಮುಂಬಯಿಗೆ ಹಾರಿದರು. ಅಲ್ಲಿಂದ ಮುಂದಕ್ಕೆ ಅವರ ಸಹೋದ್ಯೋಗಿ ನೆವಿಲ್ ವಿಂಟ್ಸೆಂಟ್ ಅಂಚೆಯನ್ನು ಮದರಾಸಿಗೆ ಒಯ್ದದ್ದು ನಮ್ಮ ಬಳ್ಳಾರಿಯ ಮಾರ್ಗವಾಗಿ. ಟಾಟಾ ಏರ್‌ಲೈನ್ಸ್ ಎಂಬ ಆ ಸಂಸ್ಥೆ 1946ರಲ್ಲಿ ಏರ್ ಇಂಡಿಯಾ ಎಂಬ ಹೆಸರನ್ನು ಧರಿಸಿತು. ಅದೇ ವರ್ಷ ಬಾಬಿ ಕೂಕಾ ಅವರ ಕಲ್ಪನೆ ಮತ್ತು ಉಮೇಶ್ ರಾವ್ ಅವರ ಕುಂಚದಿಂದ, ಕೊಂಕುಮೀಸೆಯ, ತಲೆಬಾಗಿ ನಮಸ್ಕರಿಸುವ ಮಹಾರಾಜ ಹುಟ್ಟಿಬಂದ.

1953ರಲ್ಲಿ ಸರ್ಕಾರ ವಿಮಾನಯಾನವನ್ನು ರಾಷ್ಟ್ರೀಕರಿಸಿತು. ದೇಶದೊಳಗೆ ಹಾರುತ್ತಿದ್ದ ಎಂಟು ಸಂಸ್ಥೆಗಳು ಇಂಡಿಯನ್ ಏರ್‌ಲೈನ್ಸ್ ಎಂಬ ಒಂದೇ ಹೆಸರಿನಲ್ಲಿ ಅಡಗಿದವು. ಅಳಿದ ಹೆಸರುಗಳಲ್ಲಿ ಕೆಲವನ್ನು ಕೇಳಿ: ಬಿಜು ಪಟ್ನಾಯಕರು ಕಟ್ಟಿದ ಕಳಿಂಗ ಏರ್‌ಲೈನ್ಸ್, ಹಿಮಾಲಯನ್ ಏವಿಯೇಷನ್, ಭಾರತ್ ಏರ್‌ವೇಸ್, ಹೈದರಾಬಾದಿನ ಡೆಕ್ಕನ್ ಏರ್‌ವೇಸ್. ಒಂದೊಂದರಲ್ಲಿಯೂ ಒಂದೊಂದು ಸೀಮೆಯ ಮಣ್ಣಿನ ವಾಸನೆ ಇತ್ತು. ಇದು ಲೋಪಸಂಧಿ. ಅರ್ಥ ಕೆಟ್ಟಿತೆ? ಹೊಸದಾಗಿ ಸ್ವತಂತ್ರವಾದ ದೇಶ ತನ್ನ ಹೆಸರನ್ನು ಆಕಾಶದಲ್ಲಿ ಬರೆಯಬಯಸಿದ್ದು ತಪ್ಪೆನ್ನಲಾಗದು. ಆದರೆ ಒಂದೇ ಹೆಸರು ಉಳಿದದ್ದರಿಂದ ಪ್ರಯಾಣಿಕನಿಗೆ ಆಯ್ಕೆಯೂ ಒಂದೇ ಆಯಿತು. 1990ರ ದಶಕದ ಆರಂಭದವರೆಗೂ ಹಾಗೆಯೇ ಇತ್ತು.

ಆಗಮಸಂಧಿಗೆ ಉದಾಹರಣೆ 2007ರದು. ಆ ವರ್ಷ ಏರ್ ಇಂಡಿಯಾವನ್ನೂ ಇಂಡಿಯನ್ ಏರ್‌ಲೈನ್ಸನ್ನೂ ಸರ್ಕಾರ ಒಂದುಗೂಡಿಸಿತು. ಅದಕ್ಕೆ ಎರಡು ವರ್ಷ ಮುಂಚೆ, 2005ರಲ್ಲಿ, ಇಂಡಿಯನ್ ಏರ್‌ಲೈನ್ಸ್ ತನ್ನನ್ನು ಬರಿಯ ‘ಇಂಡಿಯನ್’ ಎಂದು ಕರೆದುಕೊಂಡು, ಕೋನಾರ್ಕದ ಸೂರ್ಯರಥದ ಚಕ್ರವನ್ನು ವಿಮಾನದ ಬಾಲದ ಮೇಲೆ ಬರೆಸಿಕೊಂಡಿತ್ತು. ಬಣ್ಣ ಒಣಗುವ ಮುನ್ನವೇ ವಿಲೀನ ಬಂತು. ಉಳಿದ ಹೆಸರು ಏರ್ ಇಂಡಿಯಾ. ಲಾಂಛನ ಮಾತ್ರ ಹೊಸದು. ಹಾರುವ ಕೆಂಪು ಹಂಸ, ಆ ಹಂಸದ ಮೈಯೊಳಗೆ ಕೋನಾರ್ಕದ ಚಕ್ರ. ಚಿತ್ರಕಾರನ ಸಂಧಿ ಸೊಗಸಾಗಿಯೇ ಇತ್ತು. ಆದರೆ ‘ಐಸಿ’ ಎಂಬ ಇಂಡಿಯನ್ ಏರ್‌ಲೈನ್ಸಿನ ಎರಡಕ್ಷರದ ಸಂಕೇತ ವೇಳಾಪಟ್ಟಿಯಿಂದ ಮರೆಯಾದದ್ದು 2011ರ ಫೆಬ್ರವರಿಯಲ್ಲಿ. ಅಲ್ಲಿಗೆ ಕಾಗದದ ಮೇಲಿನ ಸಂಧಿ ಪೂರ್ಣವಾಯಿತು. ಮನುಷ್ಯರ ಸಂಧಿ ಪೂರ್ಣವಾಗಲಿಲ್ಲ. 2011ರಲ್ಲಿ ಹಿಂದಿನ ಇಂಡಿಯನ್ ಏರ್‌ಲೈನ್ಸಿನ ಪೈಲಟ್‌ಗಳು ಸಮಾನ ವೇತನ ಬೇಕೆಂದು ಮುಷ್ಕರ ಹೂಡಿದರು. 2012ರಲ್ಲಿ ಹಿಂದಿನ ಏರ್ ಇಂಡಿಯಾದ ಪೈಲಟ್‌ಗಳು, ಹೊಸ ಡ್ರೀಮ್‌ಲೈನರ್ ವಿಮಾನಗಳ ತರಬೇತಿಯನ್ನು ಆ ಇನ್ನೊಂದು ಕಡೆಯವರಿಗೂ ಕೊಡುತ್ತಿದ್ದಾರೆಂದು ಮುಷ್ಕರ ಹೂಡಿದರು. ಒಂದೇ ಹಂಸದ ಎರಡು ರೆಕ್ಕೆಗಳು ಎರಡು ದಿಕ್ಕಿಗೆ ಬಡಿದರೆ ಗತಿಯೇನು? ನಿಲ್ದಾಣದಲ್ಲಿ ಚೀಲದ ಮೇಲೆ ಕುಳಿತು ಕಾದವನು ಪ್ರಯಾಣಿಕ.

ಆದೇಶಸಂಧಿಯ ಉದಾಹರಣೆ ನಮ್ಮ ಬೆಂಗಳೂರಿನದೇ. ಅದನ್ನು ತುಸು ವಿಸ್ತಾರವಾಗಿ ಹೇಳಬೇಕು. 2003ರಲ್ಲಿ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು ಏರ್ ಡೆಕ್ಕನ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಇವರು ಗೊರೂರಿನವರು, ಎಂದರೆ ರಾಮಸ್ವಾಮಿ ಅಯ್ಯಂಗಾರರ ಮೂಲಕ ನಮ್ಮ ಸಾಹಿತ್ಯದಲ್ಲಿ ಶಾಶ್ವತವಾದ ಅದೇ ಗೊರೂರಿನವರು. ದಕ್ಷಿಣ ಎಂಬ ನಮ್ಮ ದಿಕ್ಕಿನ ಹೆಸರೇ ಪ್ರಾಕೃತದ ನಾಲಗೆಯಲ್ಲಿ ಸವೆದು ಡೆಕ್ಕನ್ ಆದದ್ದು. 1953ರಲ್ಲಿ ಲೋಪವಾದ ಆ ಹೆಸರು ಅರ್ಧ ಶತಮಾನದ ಮೇಲೆ ಮತ್ತೆ ಆಕಾಶಕ್ಕೇರಿತು. ಅದರ ಗುರುತಿನ ಪುರುಷ ಯಾರು ಗೊತ್ತೆ? ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣರು ಸೃಷ್ಟಿಸಿದ ಶ್ರೀಸಾಮಾನ್ಯ, ಚೌಕುಳಿಯ ಕೋಟಿನ, ಮಾತಾಡದ ಆ ಮುದುಕ. ತಲೆಬಾಗುವ ಮಹಾರಾಜ ಒಂದು ಕಾಲದ ವಿಮಾನಯಾನದ ಸಂಕೇತವಾದರೆ, ಟಿಕೆಟ್ ಕೊಂಡು ಸರತಿಯಲ್ಲಿ ನಿಂತ ಶ್ರೀಸಾಮಾನ್ಯ ಇನ್ನೊಂದು ಕಾಲದ ಸಂಕೇತ. ಪೆಟ್ರೋಲ್ ಬಂಕಿನಲ್ಲಿ ವಿಮಾನದ ಟಿಕೆಟ್ ಸಿಗುತ್ತಿತ್ತು. ಒಂದು ರೂಪಾಯಿಯ ಟಿಕೆಟ್ ಎಂಬ ಜಾಹೀರಾತು ಮನೆಮಾತಾಗಿತ್ತು. ಊಟವಿಲ್ಲ, ಆಸನಕ್ಕೆ ಸಂಖ್ಯೆಯಿಲ್ಲ. ಬಸ್ಸಿನಲ್ಲಿ ಕುಳಿತ ಹಾಗೆ ಮೊದಲು ಹತ್ತಿದವನಿಗೆ ಕಿಟಕಿ. ಬದಲಿಗೆ ಒಂದು ಮಾತನ್ನು ಆ ಹೆಸರು ಕೊಟ್ಟಿತ್ತು: ನೀನೂ ಹಾರಬಹುದು.

2005ರಲ್ಲಿ ಬೆಂಗಳೂರಿನಿಂದಲೇ ಇನ್ನೊಂದು ಸಂಸ್ಥೆ ಹೊರಟಿತು. ಕಿಂಗ್‌ಫಿಷರ್ ಎಂದು ಅದರ ಹೆಸರು. ಆ ಹಕ್ಕಿಯನ್ನು ಕನ್ನಡದಲ್ಲಿ ಮಿಂಚುಳ್ಳಿ ಎನ್ನುತ್ತೇವೆ. ಅದರ ಮಾತೇ ಬೇರೆ: ಆಸನಕ್ಕೊಂದು ಪರದೆ, ಬಿಸಿ ಊಟ, ಆಡಂಬರದ ಆದರ. 2007ರಲ್ಲಿ ಮಿಂಚುಳ್ಳಿಯ ಒಡೆಯರು ಡೆಕ್ಕನ್ನಿನ ಷೇರುಗಳನ್ನು ಕೊಂಡರು. ಐದು ವರ್ಷ ದೇಶದೊಳಗೆ ಹಾರಿದ ಸಂಸ್ಥೆ ಮಾತ್ರ ವಿದೇಶಕ್ಕೆ ಹಾರಬಹುದೆಂಬ ನಿಯಮ ಆಗ ಜಾರಿಯಲ್ಲಿತ್ತು. ಆ ಐದು ವರ್ಷ 2008ರಲ್ಲಿ ತುಂಬುತ್ತಿದ್ದದ್ದು ಡೆಕ್ಕನ್ನಿಗೆ. ಆದ್ದರಿಂದ ಕಾನೂನಿನ ಕಾಗದದಲ್ಲಿ ಕಿಂಗ್‌ಫಿಷರ್ ವಿಮಾನಯಾನವೇ ಡೆಕ್ಕನ್ ಕಂಪನಿಯೊಳಗೆ ಸೇರಿತು. ಸೇರಿದ ಮೇಲೆ ಆ ಕಂಪನಿಯ ಹೆಸರನ್ನೇ ಕಿಂಗ್‌ಫಿಷರ್ ಎಂದು ಬದಲಿಸಲಾಯಿತು. ಮನೆ ಯಾರದೋ ಅವರ ಹೆಸರಿನ ಫಲಕ ಬಾಗಿಲಿನಿಂದ ಇಳಿಯಿತು. 2008ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ಮಿಂಚುಳ್ಳಿ ಹಾರಿತು.

ಇತ್ತ ಏರ್ ಡೆಕ್ಕನ್ ಮೊದಲು ‘ಸಿಂಪ್ಲಿಫ್ಲೈ ಡೆಕ್ಕನ್’ ಆಯಿತು, ಆಮೇಲೆ 2008ರಲ್ಲಿ ‘ಕಿಂಗ್‌ಫಿಷರ್ ರೆಡ್’ ಆಯಿತು. ಶ್ರೀಸಾಮಾನ್ಯ ಇಳಿದುಹೋದ. 2011ರಲ್ಲಿ ಅಗ್ಗದ ಪ್ರಯಾಣ ತಮಗೆ ಒಗ್ಗದೆಂದು ಒಡೆಯರು ಅದನ್ನೂ ನಿಲ್ಲಿಸುವ ಮಾತಾಡಿದರು. 2012ರ ಅಕ್ಟೋಬರಿನಲ್ಲಿ ಇಡೀ ಸಂಸ್ಥೆಯೇ ನೆಲಕ್ಕಿಳಿಯಿತು. ತಿಂಗಳುಗಟ್ಟಲೆ ಸಂಬಳ ಕಾಣದ ನೌಕರರು ಬೀದಿಯಲ್ಲಿ ನಿಂತರು. ಮಳೆಗಾಲದಲ್ಲಿ ಕಕಾರ ಹೋಗಿ ಗಕಾರ ಬಂದರೂ ಮಳೆಯೂ ಉಳಿಯಿತು, ಕಾಲವೂ ಉಳಿಯಿತು. ಇಲ್ಲಿ ಹೆಸರು ಬದಲಾದಾಗ ಕೊಟ್ಟ ಮಾತೇ ಬದಲಾಯಿತು. ಅರ್ಥ ಕೆಡುವುದೆಂದರೆ ಇದೇ.

ಹೆಸರಿನಲ್ಲಿ ಏನಿದೆ, ಸುರಕ್ಷಿತವಾಗಿ ಊರು ತಲುಪಿಸಿದರೆ ಸಾಲದೆ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಎರಡು ಸಂಸ್ಥೆಗಳು ಕೂಡುತ್ತಿದ್ದ ದಿನಗಳಲ್ಲಿ ಒಮ್ಮೆ ನಿಲ್ದಾಣದಲ್ಲಿ ನಿಂತಿದ್ದೆ. ಟಿಕೆಟ್ಟಿನ ಮೇಲೆ ಹಳೆಯ ಹೆಸರು, ಕೌಂಟರಿನ ಮೇಲೆ ಹೊಸ ಹೆಸರು. ನನ್ನ ಮುಂದೆ ಉತ್ತರ ಕರ್ನಾಟಕದ ಒಬ್ಬ ವೃದ್ಧೆ, ಇಳಕಲ್ ಸೀರೆ, ಕಂಕುಳಲ್ಲಿ ಗಂಟು. ಕೌಂಟರಿನ ಹುಡುಗ, “ಅಜ್ಜೀ, ಆ ಕಂಪನಿ ಈಗ ಇಲ್ಲ” ಎಂದ. ಆಕೆ ಗಾಬರಿಯಾಗಿ, “ಇಲ್ಲಂದ್ರ ಹೆಂಗೋ ಯಪ್ಪಾ? ಮಗ ರೊಕ್ಕಾ ಕೊಟ್ಟು ಚೀಟಿ ತಗೊಂಡಾನ. ಅಂವ ಹೇಳಿದ್ದ ಗುರುತು ಇಲ್ಲೆಲ್ಲೂ ಕಾಣವಲ್ದು” ಎಂದಳು. ಹುಡುಗ ಒಳ್ಳೆಯವನು, ಎದ್ದುಬಂದು ಆಕೆಯನ್ನು ಸರಿಯಾದ ಸಾಲಿನಲ್ಲಿ ನಿಲ್ಲಿಸಿದ. ಆದರೆ ಆಕೆಯ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಓದು ಬಾರದವರಿಗೆ ಲಾಂಛನವೇ ಅಕ್ಷರ. ಅದನ್ನು ರಾತ್ರೋರಾತ್ರಿ ಅಳಿಸಿದರೆ ಅವರು ಮತ್ತೊಮ್ಮೆ ನಿರಕ್ಷರಿಗಳಾಗುತ್ತಾರೆ.

ಎಲ್ಲ ವಿಲೀನಗಳೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ನಷ್ಟದಲ್ಲಿ ಮುಳುಗುವ ಸಂಸ್ಥೆ ಇನ್ನೊಂದರ ಕೈ ಹಿಡಿದು ಬದುಕುವುದು ಮುಚ್ಚಿಹೋಗುವುದಕ್ಕಿಂತ ಮೇಲು. 2022ರ ಜನವರಿಯಲ್ಲಿ ಏರ್ ಇಂಡಿಯಾ ಸರ್ಕಾರದಿಂದ ಮರಳಿ ಟಾಟಾ ಅವರ ಮನೆಗೆ ಬಂತು. ಅವರ ಬಳಿ ಆಗಲೇ ಸಿಂಗಪುರದವರ ಜೊತೆಗೂಡಿ 2015ರಿಂದ ನಡೆಸುತ್ತಿದ್ದ ವಿಸ್ತಾರ ಇತ್ತು. ಬೆಂಗಳೂರನ್ನೇ ನೆಲೆಯಾಗಿಸಿಕೊಂಡು 2014ರಲ್ಲಿ ಹಾರಾಟ ಆರಂಭಿಸಿದ್ದ ಏರ್‌ಏಷ್ಯಾ ಇಂಡಿಯಾವೂ ಇತ್ತು. 2024ರ ಅಕ್ಟೋಬರ್ 1ರಂದು ಎರಡನೆಯದು ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನಲ್ಲಿ ಸೇರಿತು. ನವೆಂಬರ್ 12ರಂದು ವಿಸ್ತಾರ ಏರ್ ಇಂಡಿಯಾದಲ್ಲಿ ಸೇರಿತು. ವಿಸ್ತಾರ ಎಂಬುದು ಕನ್ನಡಿಗನಿಗೆ ನಿಘಂಟಿನ ಸಹಾಯವಿಲ್ಲದೆ ತಿಳಿಯುವ ಹೆಸರು. ಒಂಬತ್ತೂ ಮುಕ್ಕಾಲು ವರ್ಷ ಹಾರಿ, ತನಗಿಂತ ವಿಸ್ತಾರವಾದುದರೊಳಗೆ ಲೋಪವಾಯಿತು. ಆದರೆ ಇಲ್ಲಿ ಸಂಧಿಯ ಷರತ್ತಿನ ಕಡೆಗೆ ಕೊಂಚ ಗಮನವಿತ್ತು ಎನ್ನಬೇಕು. ಮೊದಲೇ ಕೊಂಡ ಟಿಕೆಟ್ಟುಗಳು ನಡೆದವು. ವಿಸ್ತಾರದ ವಿಮಾನಗಳ ಸಂಖ್ಯೆಯ ಮೊದಲಿಗೆ ಎರಡು ಎಂಬ ಅಂಕೆಯನ್ನಿಟ್ಟು, ಹಳೆಯ ಪ್ರಯಾಣಿಕನಿಗೆ ಹಳೆಯದರ ಗುರುತು ಸಿಗುವಂತೆ ಮಾಡಿದರು. ಮೈಲಿಗಳ ಲೆಕ್ಕದ ಅಂಕಗಳು ಏರ್ ಇಂಡಿಯಾದ ಖಾತೆಗೆ ವರ್ಗವಾದವು; ಆ ಕೂಟಕ್ಕೀಗ ಮಹಾರಾಜನ ಹೆಸರೇ ಇದೆ. ಇದು ವ್ಯಾಕರಣಬದ್ಧವಾದ ನಡೆ. ಸೇವೆಯ ಮಟ್ಟವೂ ಹಾಗೆಯೇ ಉಳಿಯಬೇಕು. ಅದರ ಪರೀಕ್ಷಕ ಕಾಲ.

ವ್ಯಾಕರಣದಲ್ಲಿ ಇನ್ನೂ ಒಂದು ದಾರಿಯಿದೆ. ಸಂಧಿ ಮಾಡಲು ಅವಕಾಶವಿದ್ದರೂ ಮಾಡದೆ ಎರಡನ್ನೂ ಇದ್ದಂತೆಯೇ ಬಿಡುವುದು. ಅದಕ್ಕೆ ಪ್ರಕೃತಿಭಾವ ಎಂದು ಹೆಸರು. 2004ರಲ್ಲಿ ಫ್ರಾನ್ಸಿನ ಏರ್ ಫ್ರಾನ್ಸ್ ಮತ್ತು ಡಚ್ಚರ ಕೆಎಲ್‌ಎಂ ಒಂದೇ ಒಡೆತನಕ್ಕೆ ಬಂದವು; ಎರಡು ಹೆಸರುಗಳೂ ಎರಡು ಬಣ್ಣಗಳೂ ಉಳಿದವು. 2024ರಲ್ಲಿ ಅಮೆರಿಕದ ಅಲಾಸ್ಕಾ ಏರ್‌ಲೈನ್ಸ್ ಹವಾಯಿಯನ್ ಏರ್‌ಲೈನ್ಸನ್ನು ಕೊಂಡಾಗಲೂ ಎರಡನೆಯದರ ಹೆಸರನ್ನು ಉಳಿಸಿಕೊಂಡಿತು. ದ್ವೀಪದ ಜನರಿಗೆ ಆ ಹೆಸರು ಬರಿಯ ವ್ಯಾಪಾರದ್ದಲ್ಲ, ತಮ್ಮ ನೆಲದ್ದು ಎಂಬುದು ಕೊಂಡವರಿಗೆ ತಿಳಿದಿತ್ತು.

ಹೆಸರುಗಳು ಕಡಿಮೆಯಾದಷ್ಟೂ ಪ್ರಯಾಣಿಕನ ಕೈಯಲ್ಲಿರುವ ಆಯ್ಕೆ ಕಿರಿದಾಗುತ್ತದೆ ಎಂಬುದನ್ನು ಮರೆಯಲಾಗದು. 2025ರಲ್ಲಿ ನಮ್ಮ ದೇಶದೊಳಗೆ ವಿಮಾನದಲ್ಲಿ ಹೋದವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಎರಡೇ ಒಡೆತನಗಳ ವಿಮಾನಗಳಲ್ಲಿ ಹೋದರು. ಆ ವರ್ಷದ ಡಿಸೆಂಬರಿನಲ್ಲಿ ಅವುಗಳಲ್ಲಿ ದೊಡ್ಡದಾದ ಇಂಡಿಗೊದ ಸಾವಿರಾರು ಹಾರಾಟಗಳು ರದ್ದಾದಾಗ, ಬೇರೆ ವಿಮಾನದಲ್ಲಿ ಹೋಗೋಣವೆಂದರೆ ಬೇರೆ ವಿಮಾನ ಎಲ್ಲಿತ್ತು? ಮದುವೆಗೆ ಹೊರಟವರು, ಆಸ್ಪತ್ರೆಗೆ ಹೊರಟವರು, ಸಂದರ್ಶನಕ್ಕೆ ಹೊರಟವರು ಎಲ್ಲರೂ ಒಂದೇ ನೆಲದ ಮೇಲೆ ಕುಳಿತರು. ಅನೇಕ ಪದಗಳಿರುವ ಭಾಷೆಯಲ್ಲಿ ಒಂದು ಪದ ಕೈಕೊಟ್ಟರೆ ಇನ್ನೊಂದು ಒದಗುತ್ತದೆ. ಎರಡೇ ಪದಗಳ ಭಾಷೆಯಲ್ಲಿ ಮನುಷ್ಯ ಮೂಕನಾಗುತ್ತಾನೆ.

ಆದ್ದರಿಂದ ವಿಲೀನದ ಕಾಗದಗಳಿಗೆ ಒಪ್ಪಿಗೆಯ ಮುದ್ರೆ ಒತ್ತುವವರಲ್ಲಿ ನನ್ನ ಬಿನ್ನಹ ಇಷ್ಟೆ. ಷೇರುಗಳ ಪ್ರಮಾಣವನ್ನು ನೋಡಿರಿ, ಸಾಲದ ಮೊತ್ತವನ್ನು ನೋಡಿರಿ. ಅದರ ಜೊತೆಗೆ, ಅಳಿಯಲಿರುವ ಹೆಸರು ಜನರಿಗೆ ಯಾವ ಮಾತನ್ನು ಕೊಟ್ಟಿತ್ತು ಎಂಬುದನ್ನೂ ಒಂದು ಹಾಳೆಯಲ್ಲಿ ಬರೆಯಿಸಿರಿ. ದರದ ಮಾತು, ಚಿಕ್ಕ ಊರುಗಳ ಮಾತು, ದುಡಿದವರ ಸಂಬಳದ ಮಾತು, ಮುಂಗಡ ಹಣ ಕೊಟ್ಟವರ ಟಿಕೆಟ್ಟಿನ ಮಾತು. ಉಳಿಯುವ ಹೆಸರು ಆ ಸಾಲವನ್ನೂ ಹೊರಬೇಕು. ಬಾಲದ ಮೇಲಿನ ಬಣ್ಣವನ್ನು ಯಾವ ಪೇಂಟರನೂ ಬದಲಿಸಬಲ್ಲ. ಹಕ್ಕಿ ಹೋಗಿ ಹಂಸ ಬರಲಿ, ಹಂಸ ಹೋಗಿ ಮತ್ತೇನೋ ಬರಲಿ. ಅಕ್ಷರ ಲೋಪವಾದರೆ ಚಿಂತೆಯಿಲ್ಲ. ಅರ್ಥ ಲೋಪವಾಗಬಾರದು.