ದೈವಾನುಗ್ರಹದ ಗುರುತು ಯಾವುದು?

(ಪ್ರತಿಷ್ಠಾ ಮಹೋತ್ಸವದ ಪೂರ್ವಸಿದ್ಧತಾ ಸಭೆಯಲ್ಲಿ ಮಾಡಿದ ಭಾಷಣ)

ನಾನು ಪಂಡಿತನಲ್ಲ, ಮೆಟ್ರಿಕ್ ಮುಗಿಸಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು.

ಒಬ್ಬನ ವ್ಯಾಪಾರ ಏರಿದರೆ "ಅವನ ಮೇಲೆ ದೇವರ ದಯೆಯಿದೆ" ಎನ್ನುವುದು ನಮ್ಮವರಲ್ಲಿಯೂ ರೂಢಿಯಾಗಿದೆ. ಜಿನನಾದರೋ ವೀತರಾಗನು, ಒಲಿದು ಕೊಡುವವನೂ ಅಲ್ಲ, ಮುನಿದು ಕಸಿಯುವವನೂ ಅಲ್ಲ. ಲೋಕವು ದೈವಾನುಗ್ರಹವೆನ್ನುವುದನ್ನು ನಮ್ಮ ಆಚಾರ್ಯರು ಪುಣ್ಯೋದಯವೆಂದೂ ಕರ್ಮಗಳ ಕ್ಷಯೋಪಶಮವೆಂದೂ ಕರೆದರು. ಹೆಸರು ಯಾವುದಾದರೂ ಆಗಲಿ, ಅದನ್ನು ಮನುಷ್ಯನಲ್ಲಿ ಗುರುತಿಸುವ ಬಗೆ ಹೇಗೆ?

ತತ್ತ್ವಾರ್ಥಸೂತ್ರದಲ್ಲಿ ಅಂತರಾಯ ಕರ್ಮದ ಐದು ಭೇದಗಳನ್ನು ಹೇಳುವಾಗ ಮೊದಲು ಬರುವುದು ದಾನಾಂತರಾಯ, ಅನಂತರ ಲಾಭಾಂತರಾಯ. ವ್ಯಾಪಾರಿಯಾದ ನನ್ನನ್ನು ಈ ವಿಂಗಡಣೆ ಬಹುಕಾಲ ಯೋಚನೆಗೆ ಹಚ್ಚಿದೆ. ಗಳಿಸುವ ಶಕ್ತಿ ಬೇರೆ, ಕೊಡುವ ಶಕ್ತಿ ಬೇರೆ. ಒಂದರ ತಡೆ ಸರಿದರೂ ಇನ್ನೊಂದರ ತಡೆ ಉಳಿದಿರಬಹುದು. ತಿಜೋರಿ ತುಂಬಿದ್ದರೂ ಬೀಗದ ಕೈ ತಿರುಗದವರನ್ನು ಪೇಟೆಯಲ್ಲಿ ನಾವೆಲ್ಲ ಕಂಡಿದ್ದೇವೆ. ವಿದ್ಯೆಯ ವಿಷಯವೂ ಹಾಗೆಯೇ. ತಿಳಿದುದನ್ನು ಮರೆಮಾಡುವುದೂ ಇನ್ನೊಬ್ಬರ ಕಲಿಕೆಗೆ ಅಡ್ಡಿಯಾಗುವುದೂ ಜ್ಞಾನಾವರಣದ ಬಂಧಕ್ಕೆ ಕಾರಣವೆಂದು ಅದೇ ಗ್ರಂಥ ಎಚ್ಚರಿಸುತ್ತದೆ.

ದಾನಚಿಂತಾಮಣಿ ಅತ್ತಿಮಬ್ಬೆಯ ಭಕ್ತಿಗೆ ಗೋದಾವರಿಯ ಪ್ರವಾಹವೇ ತಗ್ಗಿತೆಂಬ ಕಥೆಯನ್ನು ನೀವು ಕೇಳಿದ್ದೀರಿ. ನನ್ನ ಮನಸ್ಸು ನಿಲ್ಲುವುದು ಬೇರೆಡೆ. ಪತಿ ನಾಗದೇವನು ತೀರಿಕೊಂಡಾಗ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆಯು ಮಗ ಅಣ್ಣಿಗದೇವನಿಗಾಗಿ ಉಳಿದಳು. ಆ ದುಃಖವನ್ನು ಹೊತ್ತವಳು ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. 1007ರ ಶಾಸನ ಅಲ್ಲಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ತಾಳೆಗರಿಯ ಮೇಲೆ ಅಕ್ಷರ ಅಕ್ಷರವಾಗಿ ಕೊರೆಯಬೇಕಾಗಿದ್ದ ಆ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಜನರ ಎಷ್ಟು ದಿನಗಳ ದುಡಿಮೆ!

ರನ್ನನು ಮುದುವೊಳಲಿನ, ಎಂದರೆ ಈಗಿನ ಮುಧೋಳದ, ಬಳೆಗಾರರ ಮನೆಯ ಹುಡುಗ. ಬಳೆಯ ಮಲಾರದ ಮನೆಯಲ್ಲಿ ಕವಿತೆ ಎಲ್ಲಿಂದ ಬಂದೀತೆಂದು ಅಜಿತಸೇನಾಚಾರ್ಯರು ಕೇಳಲಿಲ್ಲ, ಚಾವುಂಡರಾಯ ಕೇಳಲಿಲ್ಲ, ಅತ್ತಿಮಬ್ಬೆಯೂ ಕೇಳಲಿಲ್ಲ. ಅವಳ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣ ಸಿದ್ಧವಾಯಿತು. ಪುಣ್ಯ ರನ್ನನದು ಮಾತ್ರವೆ? ಇನ್ನೊಬ್ಬರ ಪ್ರತಿಭೆಯನ್ನು ಮತ್ಸರವಿಲ್ಲದೆ ಕಾಣುವ ಕಣ್ಣೂ ಪುಣ್ಯದಿಂದಲೇ ದೊರೆಯುವಂಥದೆಂದು ನಾನು ತಿಳಿದಿದ್ದೇನೆ.

ಇನ್ನು ನಮ್ಮ ಊರಿನ ಮಾತು. ಅಭಿಷೇಕದ ಕಲಶಗಳಿಗೆ ಸವಾಲು ನಡೆಯಲಿದೆ. ಸವಾಲನ್ನು ನಾನು ಹಳಿಯುವುದಿಲ್ಲ. ಬಸದಿಯ ಸಾಲ ಅದರಿಂದಲೇ ತೀರಬೇಕು. ಆದರೆ ಪ್ರಥಮ ಕಲಶವನ್ನು ಸವಾಲಿಗೆ ಇಡದೆ, ಹದಿನೆಂಟು ವರ್ಷಗಳಿಂದ ಸಂಬಳವಿಲ್ಲದೆ ಪಾಠಶಾಲೆಯನ್ನು ನಡೆಸಿಕೊಂಡು ಬಂದಿರುವ ನಮ್ಮ ಅಕ್ಕನವರಿಗೆ ಕೊಡಬೇಕೆಂದು ಸಮಿತಿಯನ್ನು ಕೇಳಿಕೊಂಡಿದ್ದೇನೆ. ನಮ್ಮ ಮಕ್ಕಳು ಣಮೋಕಾರ ಮಂತ್ರವನ್ನು ತಪ್ಪಿಲ್ಲದೆ ಹೇಳುವುದು ಅವರಿಂದ. ಕಲಶದಿಂದ ಬರಬೇಕಾದ ಹಣ ಕೈತಪ್ಪುವುದೆಂದು ಕೋಶಾಧಿಕಾರಿಗಳು ಆಕ್ಷೇಪಿಸಿದರು; ಅವರ ಮಾತು ನ್ಯಾಯವಾದುದೇ. ಪೇಟೆಯ ಹತ್ತು ಅಂಗಡಿಯವರು ಸೇರಿ ಅದನ್ನು ತುಂಬಿಕೊಡಲು ಒಪ್ಪಿದ್ದೇವೆ. ಅಕ್ಕನವರಿಗೆ ಈ ವಿಷಯ ತಿಳಿಯದು. ಈಗಲೂ ಮಕ್ಕಳೊಡನೆ ಒಳಗೆ ಪೂಜೆಯ ಪಾತ್ರೆ ತೊಳೆಯುತ್ತಿದ್ದಾರೆ. ಅವರು ಹೊರಬರುವ ಮೊದಲೇ ಸಭೆಯು ತನ್ನ ಅಭಿಪ್ರಾಯವನ್ನು ತಿಳಿಸಬೇಕಾಗಿ ವಿನಂತಿ.

ಜೈ ಜಿನೇಂದ್ರ.