ಹಲವರ ಕೈಯ ಕೋಶ

ವಿಶ್ವಕೋಶವೆಂದರೆ ವಿದ್ವಾಂಸರು ಬರೆದು, ಸಂಪಾದಕರು ತಿದ್ದಿ, ಅಚ್ಚಾಗಿ ಬಂದ ದಪ್ಪ ಸಂಪುಟಗಳೆಂಬುದು ನಮ್ಮ ತಲೆಮಾರಿನವರ ಕಲ್ಪನೆ. ಮೈಸೂರು ವಿಶ್ವವಿದ್ಯಾನಿಲಯದ 14 ಸಂಪುಟಗಳ ಕನ್ನಡ ವಿಶ್ವಕೋಶ ಅಂಥದು. 2001ರಲ್ಲಿ ಇಂಗ್ಲಿಷಿನಲ್ಲಿಯೂ 2003ರಲ್ಲಿ ಕನ್ನಡದಲ್ಲಿಯೂ ಆರಂಭವಾದ ವಿಕಿಪೀಡಿಯ ಈ ಕಲ್ಪನೆಯನ್ನೇ ತಲೆಕೆಳಗು ಮಾಡಿತು. ಇಲ್ಲಿ ಯಾರು ಬೇಕಾದರೂ ಬರೆಯಬಹುದು; ಬರೆದುದನ್ನು ಯಾರು ಬೇಕಾದರೂ ತಿದ್ದಬಹುದು. ಇಂಥ ಬರಹವನ್ನು ನಂಬಬಹುದೆ?

ಸಂಶಯ ನಿರಾಧಾರವಾದುದಲ್ಲ. ಅಮೆರಿಕದ ಪತ್ರಕರ್ತ ಜಾನ್ ಸೈಗೆಂಥಾಲರ್ ಅವರನ್ನು ಕೆನಡಿ ಸೋದರರ ಹತ್ಯೆಯೊಡನೆ ತಳುಕುಹಾಕಿದ ಶುದ್ಧ ಸುಳ್ಳೊಂದು 2005ರಲ್ಲಿ ನಾಲ್ಕು ತಿಂಗಳ ಕಾಲ ಅಲ್ಲಿ ಉಳಿದಿತ್ತು. ಅದೇ ವರ್ಷ ‘ನೇಚರ್’ ಪತ್ರಿಕೆ 42 ವಿಜ್ಞಾನ ವಿಷಯಗಳ ಲೇಖನಗಳನ್ನು ತಜ್ಞರಿಂದ ಪರೀಕ್ಷಿಸಿತು. ಲೇಖನವೊಂದಕ್ಕೆ ವಿಕಿಪೀಡಿಯದಲ್ಲಿ ಸರಾಸರಿ ಸುಮಾರು ನಾಲ್ಕು, ಬ್ರಿಟಾನಿಕದಲ್ಲಿ ಸುಮಾರು ಮೂರು ದೋಷಗಳು ಕಂಡುಬಂದವು. ಪರೀಕ್ಷೆಯ ಕ್ರಮವನ್ನು ಬ್ರಿಟಾನಿಕ ಬಲವಾಗಿ ಆಕ್ಷೇಪಿಸಿತು. ಅದೇನೇ ಇರಲಿ, ವಿದ್ವಾಂಸರ ಕೋಶವನ್ನೂ ಕಣ್ಣುಮುಚ್ಚಿ ನಂಬಲಾಗದು.

ಹಲವರ ಕೈಯಲ್ಲಿ ಕೃತಿಯೊಂದು ಬೆಳೆಯುವುದು ಕನ್ನಡಿಗರಿಗೆ ಹೊಸತೇನೂ ಅಲ್ಲ. ಶೂನ್ಯಸಂಪಾದನೆ ಒಬ್ಬರ ತರುವಾಯ ಒಬ್ಬರಂತೆ ನಾಲ್ವರ ಕೈಯಲ್ಲಿ ರೂಪುಗೊಂಡಿತು. ಓಲೆಗರಿಯ ಲಿಪಿಕಾರರು ಬಿಟ್ಟದ್ದೆಷ್ಟೋ, ಸೇರಿಸಿದ್ದೆಷ್ಟೋ! ಯಾರು ಸೇರಿಸಿದರು, ಎಂದು ಸೇರಿಸಿದರು ಎಂದು ತಿಳಿಯದೆ ಪಾಠಾಂತರಗಳ ನಡುವೆ ತಡಕಾಡುವುದು ಗ್ರಂಥಸಂಪಾದಕನ ಪಾಡು. ವಿಕಿಪೀಡಿಯದಲ್ಲಾದರೋ ಪ್ರತಿ ಪುಟದ ಹಿಂದೆ ಅದರ ‘ಇತಿಹಾಸ’ವಿದೆ; ಒಂದೊಂದು ತಿದ್ದುಪಡಿಯೂ ದಿನಾಂಕ, ವೇಳೆಗಳ ಸಮೇತ ಅಲ್ಲಿ ದಾಖಲಾಗಿರುತ್ತದೆ. ಪ್ರಕ್ಷಿಪ್ತವನ್ನು ಗುರುತಿಸಲು ಇಂಥ ಸೌಕರ್ಯ ಪಂಪನ ಸಂಪಾದಕರಿಗೆ ದೊರೆತಿರಲಿಲ್ಲ.

ಆದರೆ ನೋಡುವ ಕಣ್ಣುಗಳಿದ್ದರೆ ತಾನೆ ಆ ಸೌಕರ್ಯ ಸಾರ್ಥಕ? ಇಂಗ್ಲಿಷಿಗೆ ಕಾವಲುಗಾರರು ಬಹುಮಂದಿ, ಕನ್ನಡಕ್ಕೆ ಕೆಲವರೇ. ಕವಿಯೊಬ್ಬನ ಕಾಲ ತಪ್ಪಾಗಿ ನಮೂದಾದರೆ ಅದು ವರ್ಷಗಟ್ಟಲೆ ಹಾಗೆಯೇ ಉಳಿಯಬಹುದು. ವಿದ್ಯಾರ್ಥಿ ಅದನ್ನು ನಕಲು ಮಾಡುತ್ತಾನೆ, ಪತ್ರಿಕೆ ಅಚ್ಚಿಸುತ್ತದೆ, ಬಳಿಕ ಆ ಪತ್ರಿಕೆಯೇ ಮೂಲ ಲೇಖನಕ್ಕೆ ಆಧಾರವಾಗಿಬಿಡುತ್ತದೆ. ತಪ್ಪು ತನ್ನ ಸಾಕ್ಷಿಯನ್ನು ತಾನೇ ಹುಟ್ಟಿಸಿಕೊಳ್ಳುವ ಬಗೆ ಇದು.

ಆದಕಾರಣ ಇಂಥ ಕೋಶವನ್ನು ನಾವು ಕೈಮರವೆಂದು ತಿಳಿಯೋಣ. ಅದು ದಾರಿ ತೋರುತ್ತದೆ, ಊರು ಸೇರಬೇಕಾದವರು ನಾವೇ. ಲೇಖನದ ಕೊನೆಯಲ್ಲಿ ಕೊಟ್ಟ ಆಧಾರಗ್ರಂಥವನ್ನು ತೆರೆದು ನೋಡುವವರೆಗೆ ಓದು ಮುಗಿಯಿತೆಂದು ಭಾವಿಸಬಾರದು.

ಇನ್ನೊಂದು ಮಾತು. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಡಿ ಸಾರ್ವಜನಿಕರಿಗೆ ನೀಡಿತು. ವಿದ್ವತ್ತು ಬಾಗಿಲು ತೆರೆದ ಮೇಲೆ ನನ್ನಂತಹ ನಿವೃತ್ತ ಅಧ್ಯಾಪಕರು ಹೊರಗೆ ನಿಂತು ದೂರುವುದು ತರವಲ್ಲ. ನಮ್ಮ ಊರಿನ ಶಾಸನ, ನಮ್ಮ ಸೀಮೆಯ ಕವಿ, ನಮ್ಮ ಮನೆಮಾತಿನ ಪದ—ಇವುಗಳ ಬಗ್ಗೆ ಬಲ್ಲವರು ಮೌನವಾಗಿದ್ದರೆ, ನಾಳಿನ ಕನ್ನಡದ ಹುಡುಗ ಬಲ್ಲದವರ ಬರಹವನ್ನೇ ಪ್ರಮಾಣವೆಂದು ಓದಬೇಕಾದೀತು.